ದೊರೆಯ ಅಮ್ಮ

ಹೀರೋಯಿನ್ ಒಬ್ಬಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಲಕ್ಷ್ಮೀದೇವಮ್ಮ ಬೆರಳು ಮಡಚದೆ ಹೇಳಿಬಿಡುತ್ತಿದ್ದಳು. ಮುಖದ ಚರ್ಮ ನೋಡುವ ಡಾಕ್ಟರಿಗೆ ಹದಿನೆಂಟು ಸಾವಿರ. ಜಿಮ್ ಮಾಸ್ತರಿಗೆ ಹನ್ನೆರಡು. ಕೂದಲು, ಹುಬ್ಬು, ಉಗುರು ಎಲ್ಲ ಸೇರಿ ಏಳು. ಇನ್‌ಸ್ಟಾಗ್ರಾಂ ನೋಡಿಕೊಳ್ಳುವವರಿಗೆ ಫೋಟೊ ಖರ್ಚೂ ಸೇರಿ ಮೂವತ್ತು. ಹೈದರಾಬಾದಿಗೆ ಒಮ್ಮೆ ಹೋಗಿಬಂದರೆ ಇಬ್ಬರ ಟಿಕೆಟ್ಟು, ರೂಮು, ಕಾರು ಎಂದು ಇಪ್ಪತ್ತೆರಡು. ಯಾರದೋ ಆಡಿಯೊ ಬಿಡುಗಡೆಗೆ ಒಂದು ಸಂಜೆ ಉಟ್ಟು ವಾಪಸು ಕೊಡುವ ಬಟ್ಟೆಯ ಬಾಡಿಗೆ ಎಂಟು. ಒಟ್ಟು ತೊಂಬತ್ತೇಳು ಸಾವಿರ. ಸಿನಿಮಾ ಇದ್ದರೂ ಅಷ್ಟು, ಇಲ್ಲದಿದ್ದರೂ ಅಷ್ಟು. ಇಲ್ಲದಿದ್ದಾಗ ಸ್ವಲ್ಪ ಜಾಸ್ತಿಯೇ, ಯಾಕೆಂದರೆ ಕೆಲಸವಿಲ್ಲದ ಹೀರೋಯಿನ್ನು ಕೆಲಸವಿರುವವಳಿಗಿಂತ ಚೆನ್ನಾಗಿ ಕಾಣಬೇಕು.

ಈ ಹಣ ಬರುತ್ತಿದ್ದದ್ದು ಬಳೇಪೇಟೆಯ ಸಗಟು ಬಳೆ ಅಂಗಡಿಯಿಂದ. ಅಂಗಡಿ ಗಂಡ ಮಾಯಣ್ಣನದು, ವ್ಯಾಪಾರ ಹೆಂಡತಿಯದು ಎಂದು ಆ ಬೀದಿಯವರು ಹೇಳುತ್ತಿದ್ದರು. ಮಾಗಡಿ ಕಡೆಯಿಂದ ಸೊಸೆಯಾಗಿ ಬಂದ ಲಕ್ಷ್ಮೀದೇವಮ್ಮ ಹದಿನೆಂಟು ವರ್ಷ ಗಲ್ಲಾದ ಮುಂದೆ ಕೂತವಳು. ಮಾರುವವನು ಸರಕನ್ನು ಹೊಗಳಿದರೆ ಅರ್ಧ ಬೆಲೆ ಕೇಳುತ್ತಿದ್ದಳು, ತೆಗಳಿದರೆ ಒಳಗೆ ಇನ್ನೇನನ್ನೋ ಬಚ್ಚಿಟ್ಟಿದ್ದಾನೆ ಎಂದು ತಿಳಿಯುತ್ತಿದ್ದಳು. ಮಗಳು ಯಶಶ್ರೀ ಸಿನಿಮಾಕ್ಕೆ ಬಂದ ಮೇಲೆ ಅಂಗಡಿಯನ್ನು ಗಂಡನಿಗೆ ಬಿಟ್ಟು ಮಗಳ ಫೋನನ್ನು ತಾನು ಇಟ್ಟುಕೊಂಡಳು. ಅವತ್ತಿನಿಂದ ಚಾಮರಾಜಪೇಟೆಯ ಅವರ ಮನೆಗೆ ಯಾವ ನಿರ್ಮಾಪಕನ ಫೋನು ಬಂದರೂ ಎತ್ತುವವಳು ಅವಳೇ, ಸಂಭಾವನೆ ಮಾತಾಡುವವಳು ಅವಳೇ, ಅಗ್ರಿಮೆಂಟು ಓದುವವಳೂ ಅವಳೇ. ಯಶಶ್ರೀ ಅಮ್ಮನ ಬೆರಳು ತೋರಿಸಿದ ಕಡೆ ಸಹಿ ಹಾಕುತ್ತಿದ್ದಳು.

ಏಳು ವರ್ಷದಲ್ಲಿ ಯಶಶ್ರೀ ಮಾಡಿದ್ದು ಕನ್ನಡದಲ್ಲಿ ನಾಲ್ಕು, ತೆಲುಗಿನಲ್ಲಿ ಒಂದು, ತಮಿಳಿನಲ್ಲಿ ಒಂದು. ಓಡಿದ್ದು ಎರಡು. ತಮಿಳಿನದಂತೂ ಮರೆಯುವ ಹಾಗಿರಲಿಲ್ಲ. ಹೀರೋಯಿನ್ ಎಂದು ಕರೆದುಕೊಂಡು ಹೋದವರು ಪೋಸ್ಟರು ಬಿಟ್ಟಾಗ ಅವಳ ಮುಖವನ್ನೇ ಬಿಟ್ಟಿದ್ದರು. ಸಿನಿಮಾ ಬಂದಾಗ ಅವಳು ಎರಡನೇ ಹೀರೋಯಿನ್ ಆಗಿದ್ದಳು, ಬರಬೇಕಾದ ಹಣದಲ್ಲಿ ಅರ್ಧ ಬರಲೇ ಇಲ್ಲ. ಮೋಸ ಶುರುವಾಗುವುದು ಪೋಸ್ಟರಿನಿಂದ ಎಂದು ಲಕ್ಷ್ಮೀದೇವಮ್ಮ ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಯಶಶ್ರೀಗೆ ಇಪ್ಪತ್ತೊಂಬತ್ತು ತುಂಬಿತ್ತು. ಪತ್ರಿಕೆಗಳಲ್ಲಿ ಇಪ್ಪತ್ತನಾಲ್ಕು. ಆ ವರ್ಷ ಅವಳ ಕೈಯಲ್ಲಿದ್ದದ್ದು ಒಂದೇ ಸಿನಿಮಾ, ಆದರೆ ಒಳ್ಳೆಯದು. ಮಲ್ಲೇಶ್ವರದ ನಿರ್ಮಾಪಕ ಮನೋಹರ್ ತನ್ನ ಮಗ ಲಿಖಿತನನ್ನು ಹೀರೋ ಮಾಡಿ ತೆರೆಗೆ ತರುತ್ತಿದ್ದರು. ಅದಕ್ಕೆ ಯಶಶ್ರೀ ಹೀರೋಯಿನ್. ಐದು ಲಕ್ಷ ಮುಂಗಡ ಬಂದಿತ್ತು, ಮುಹೂರ್ತ ಶ್ರಾವಣದಲ್ಲಿ. ಹೊಸ ಹುಡುಗನ ಜೊತೆ ಕುಣಿದು ಆ ಸಿನಿಮಾ ಗೆದ್ದರೆ ಇನ್ನು ನಾಲ್ಕು ವರ್ಷ ಅವಳು ಹೀರೋಯಿನ್ ಆಗಿಯೇ ಇರಬಹುದು. ಅದು ತಪ್ಪಿದರೆ ಇನ್ನೊಂದು ಬರುವುದಿಲ್ಲ. ತಾಯಿಗೂ ಮಗಳಿಗೂ ಇದು ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಶಿವರಾತ್ರಿ ಕಳೆದ ವಾರ ಶೀನಣ್ಣ ಮನೆಗೆ ಬಂದ. ಇಪ್ಪತ್ತೈದು ವರ್ಷದಿಂದ ಪ್ರೊಡಕ್ಷನ್ ಮ್ಯಾನೇಜರ್ ಆಗಿರುವವನು, ಯಶಶ್ರೀಯ ಮೊದಲ ಸಿನಿಮಾಕ್ಕೂ ಅವನೇ ಇದ್ದ. ಈಗ ದೊರೆಸ್ವಾಮಿಯ ಹೊಸ ಸಿನಿಮಾ ನೋಡಿಕೊಳ್ಳುತ್ತಿದ್ದ. ದೊರೆಸ್ವಾಮಿ ಎಂದರೆ ಜನಕ್ಕೆ ಬರೀ ದೊರೆ. ಐವತ್ತಮೂರು ವರ್ಷ, ನಾಲ್ಕು ಭಾಷೆಯಲ್ಲಿ ಬಿಡುಗಡೆ, ಆಟೋಗಳ ಹಿಂದೆ ಚಿತ್ರ. ಆ ಸಿನಿಮಾದಲ್ಲಿ ದೊರೆಯ ತಾಯಿಯ ಪಾತ್ರ ಇತ್ತು. ಒಂಬತ್ತು ದಿನದ ಕೆಲಸ, ತೆರೆಯ ಮೇಲೆ ಹನ್ನೆರಡು ನಿಮಿಷ, ಮೂವತ್ತು ಲಕ್ಷ. ಲಿಖಿತನ ಇಡೀ ಸಿನಿಮಾಕ್ಕೆ ಯಶಶ್ರೀಗೆ ಮಾತಾಗಿದ್ದದ್ದು ಇಪ್ಪತ್ತೆರಡು.

"ಅವರಿಗೆ ಐವತ್ಮೂರು ಶೀನಣ್ಣ," ಅಂದಳು ಯಶಶ್ರೀ. "ನಾನು ಅವರ ಅಮ್ಮನಾ?"

ಶೀನಣ್ಣ ನಗಲಿಲ್ಲ. ನಮ್ಮ ಕಡೆಯ ಸಿನಿಮಾಗಳಲ್ಲಿ ಇದು ಹೀಗೇ ಅಲ್ಲವೇ ಎಂದ. ಹೀರೋಗೆ ಎಷ್ಟೇ ವಯಸ್ಸಾಗಲಿ, ಗೋಡೆಯ ಮೇಲೆ ಹಾರ ಹಾಕಿದ ತಾಯಿಯ ಫೋಟೊ ಇಪ್ಪತ್ತೆಂಟರ ಹುಡುಗಿಯದೇ. ಕಥೆಯಲ್ಲಿ ಅವಳು ಮಗ ಚಿಕ್ಕವನಿದ್ದಾಗಲೇ ಸತ್ತಿರುತ್ತಾಳೆ, ಹಾಗಾಗಿ ಮುದುಕಿಯಾಗುವುದೇ ಇಲ್ಲ. ನೋಡಲು ಲಕ್ಷಣವಾಗಿರಬೇಕು ಎಂದು ಹೀರೋಯಿನ್ನುಗಳನ್ನೇ ಕೇಳುತ್ತಾರೆ. ಅಪಾಯ ಇರುವುದು ಒಂದೇ ಕಡೆ: ಒಮ್ಮೆ ತಾಯಿ ಎಂದು ಹೆಸರು ಬಿದ್ದವಳನ್ನು ಆಮೇಲೆ ಯಾರೂ ಕುಣಿಯಲು ಕರೆಯುವುದಿಲ್ಲ. ಅದಕ್ಕೇ ಮುಖ ಪೋಸ್ಟರಿನಲ್ಲಿ ಬರುವುದಿಲ್ಲ, ಟ್ರೈಲರಿನಲ್ಲಿ ಬರುವುದಿಲ್ಲ. ಸಿನಿಮಾ ದಸರಾಕ್ಕೆ. ಅಷ್ಟರಲ್ಲಿ ಲಿಖಿತನ ಸಿನಿಮಾ ಅರ್ಧ ಮುಗಿದಿರುತ್ತದೆ, ಮನೋಹರ್ ಮನಸ್ಸು ಬದಲಾಯಿಸುವ ಹಾಗೂ ಇರುವುದಿಲ್ಲ.

"ಪೋಸ್ಟರ್‌ನಲ್ಲಿ ಹಾಕಲ್ಲ ಅಂತ ಬರೆದು ಕೊಡಿಸ್ತೀನಿ ಕಣಮ್ಮ," ಅಂದ. ಆ ಮಾತಿನ ಮೇಲೆ ಯಶಶ್ರೀ ಒಪ್ಪಿದಳು.

ಅಗ್ರಿಮೆಂಟಿನ ದಿನ ತಾಯಿ ಮಗಳು ಮೆಜೆಸ್ಟಿಕ್ಕಿನ ಹಿಂದೆ ಗಾಂಧಿನಗರದ ಆಫೀಸಿಗೆ ಹೋದರು. ಸೀರೆ, ಕುಪ್ಪಸದ ಅಳತೆ ಕೊಡಲು ಯಶಶ್ರೀ ಒಳಗಿನ ಕೋಣೆಗೆ ಹೋದಳು. ಲಕ್ಷ್ಮೀದೇವಮ್ಮ ಕನ್ನಡಕ ಹಾಕಿಕೊಂಡು ಕಾಗದ ಓದಲು ಕೂತಳು. ಏಳನೇ ಕಲಮಿನಲ್ಲಿ ಶೀನಣ್ಣ ಹೇಳಿದ ಹಾಗೇ ಇತ್ತು: ಪ್ರಚಾರದಲ್ಲಿ ನಟಿಯ ಮುಖವನ್ನಾಗಲಿ ಹೆಸರನ್ನಾಗಲಿ ಬಳಸತಕ್ಕದ್ದಲ್ಲ. ಅವಳು ಅದನ್ನು ಎರಡು ಸಲ ಓದಿದಳು, ಮೂರನೇ ಸಲ ಓದುವಾಗ ಅವಳೊಳಗಿನ ವ್ಯಾಪಾರಿ ಎದ್ದು ಕೂತಳು. ಮೂವತ್ತು ಲಕ್ಷ ಕೊಡುವವರು ಕೊಂಡ ಸರಕನ್ನು ಯಾಕೆ ಬಚ್ಚಿಡುತ್ತಾರೆ? ನಾಳೆ ಕತ್ತರಿಸಿ ಬಿಸಾಕುವುದಿದ್ದರೆ ಇವತ್ತೇ ಹೀಗೆ ಬರೆಸಿಕೊಳ್ಳುತ್ತಾರೆ. ತಮಿಳಿನವರು ಬಾಯಲ್ಲಿ ಮಾಡಿದ್ದನ್ನು ಇವರು ಕಾಗದದಲ್ಲೇ ಮಾಡುತ್ತಿದ್ದಾರೆ.

ಇದನ್ನು ಹೊಡೆದುಹಾಕಿ, ಪೋಸ್ಟರಿನಲ್ಲಿ ನನ್ನ ಮಗಳ ಮುಖ ಬರಬೇಕು, ಅದೂ ಮೊದಲನೇ ಪೋಸ್ಟರಿನಲ್ಲಿ ಎಂದಳು.

ಶೀನಣ್ಣ ಪೆನ್ನು ಕೆಳಗಿಟ್ಟ. "ಅಕ್ಕಾ, ಬೇಡ. ಆ ಮಗೂಗೆ ಒಳ್ಳೇದಾಗ್ಲಿ ಅಂತ ನಾನೇ ಕೂತು ಹಾಕ್ಸಿರೋ ಕಲಮು ಅದು."

"ನೀವು ಯಾರ ಸಂಬಳ ತಗೋತಿದೀರಿ ಶೀನಣ್ಣ?"

"ಅವರದ್ದೇ. ಆದ್ರೂ ಹೇಳ್ತಿದೀನಿ, ಬೇಡ."

"ಅವರ ಸಂಬಳ ತಗೊಂಡು ನಮಗೆ ಒಳ್ಳೇದು ಮಾಡೋಕೆ ನೀವೇನು ನಮ್ಮ ಸ್ವಂತ ತಮ್ಮನಾ? ದೊರೆ ಪಕ್ಕ ನನ್ನ ಮಗಳ ಮುಖ ನಾಲ್ಕು ಭಾಷೇಲಿ ಬರ್ಬೇಕು. ಇಲ್ದಿದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಹೇಳಿ ಎದ್ದು ನಿಂತಳು. ಶೀನಣ್ಣ ಒಳಗೆ ಹೋಗಿ ನಿರ್ದೇಶಕನ ಜೊತೆ ಮಾತಾಡಿ ಬಂದ. ನಿರ್ದೇಶಕನಿಗೆ ಇದು ಕೇಳದೆ ಬಂದ ಲಾಭ, ಅವನು ತಕ್ಷಣ ಒಪ್ಪಿದ್ದ. ಶೀನಣ್ಣ ಮಾತ್ರ ಇನ್ನೊಂದು ಸಲ ಬೇಡ ಎಂದು ನೋಡಿದ. ಲಕ್ಷ್ಮೀದೇವಮ್ಮ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಏಳನೇ ಕಲಮಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ ಕನ್ನಡದಲ್ಲೇ ಬರೆದಳು: ಮೊದಲನೇ ಪೋಸ್ಟರಿನಲ್ಲಿ ಯಶಶ್ರೀಯ ಮುಖವನ್ನೂ ಹೆಸರನ್ನೂ ದೊಡ್ಡದಾಗಿ ಹಾಕತಕ್ಕದ್ದು. ಮಗಳು ಅಳತೆ ಕೊಟ್ಟು ಹೊರಗೆ ಬಂದಾಗ ಐದು ಕಡೆ ಬೆರಳಿಟ್ಟು ತೋರಿಸಿದಳು. ಯಶಶ್ರೀ ಐದು ಕಡೆ ಸಹಿ ಹಾಕಿದಳು. ಪೋಸ್ಟರಿನ ವಿಷಯ ಲಕ್ಷ್ಮೀದೇವಮ್ಮ ಹೇಳಲಿಲ್ಲ. ಬಂದ ದಿನ ನೋಡಿ ಖುಷಿಪಡಲಿ ಎಂದು ಸುಮ್ಮನಿದ್ದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ, ಬೇರೆ ಏನೂ ಅಲ್ಲ.

ಶೂಟಿಂಗು ಚೆನ್ನಾಗಿಯೇ ನಡೆಯಿತು. ಎಂಟು ದಿನ ಯಶಶ್ರೀ ಎಂಟು ವರ್ಷದ ಮಗನೊಬ್ಬನನ್ನು ಎತ್ತಿಕೊಂಡು ಓಡಿದಳು, ಬಚ್ಚಿಟ್ಟಳು, ಕೊನೆಗೆ ಅವನ ಕಣ್ಣ ಮುಂದೆ ಸತ್ತಳು. ಒಂಬತ್ತನೇ ದಿನ ಒಂದು ಕನಸಿನ ದೃಶ್ಯ ಇತ್ತು. ತಾಯಿ ಬದುಕಿದ್ದರೆ ಈಗ ಹೇಗಿರುತ್ತಿದ್ದಳು ಎಂದು ದೊರೆ ಯೋಚಿಸುತ್ತಾನೆ. ಅದಕ್ಕೆ ಮೂರು ಗಂಟೆ ಕೂರಿಸಿ ಅವಳ ಕೂದಲಿಗೆ ಬಿಳಿ ಹಚ್ಚಿದರು, ಕಣ್ಣಿನ ಕೆಳಗೆ ಸುಕ್ಕು ಬರೆದರು. ದೊರೆ ಬಂದವನೇ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಸ್ವಂತ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳಂತೆ. ಯೂನಿಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಅವನು ನರೆತ ಗಡ್ಡದ ಮುಖವನ್ನು ಅವಳ ಮಡಿಲಲ್ಲಿಟ್ಟು ಮಲಗಿದ, ಫೋಟೊ ತೆಗೆದರು. ಮಧ್ಯಾಹ್ನ ಊಟಕ್ಕೆ ಲೈಟಿನವರೂ ಅವಳನ್ನು "ಬನ್ನಿ ಅಮ್ಮಾ" ಎಂದೇ ಕರೆದರು. ಯಶಶ್ರೀ ತಟ್ಟೆ ಸರಿಸಿ ಎದ್ದಳು. ಲಕ್ಷ್ಮೀದೇವಮ್ಮ ಮಾತ್ರ ದೊರೆಯಂಥ ದೊರೆ ನನ್ನ ಮಗಳ ಕಾಲು ಮುಟ್ಟಿದ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇ ತಿಂಗಳಲ್ಲಿ ಅಮ್ಮಂದಿರ ದಿನ ಎಂದು ಒಂದು ಭಾನುವಾರ ಬರುತ್ತದಲ್ಲ, ಅವತ್ತು ಬೆಳಿಗ್ಗೆ ಪೋಸ್ಟರು ಬಂತು. ಸಿನಿಮಾದ ಮೊದಲನೇ ಪೋಸ್ಟರು. ನರೆತ ಕೂದಲ ಯಶಶ್ರೀ, ಮಡಿಲಲ್ಲಿ ದೊರೆ, ಕೆಳಗೆ ಅವಳ ಹೆಸರು ದೊರೆಯ ಹೆಸರಿನಷ್ಟೇ ದೊಡ್ಡದಾಗಿ, ನಾಲ್ಕು ಭಾಷೆಯಲ್ಲಿ.

ಯಶಶ್ರೀ ಹಾಸಿಗೆಯ ಮೇಲೆ ಕೂತು ನೋಡಿದಳು. "ಹಾಕಲ್ಲ ಅಂತ ಬರೆದಿದ್ರಲ್ಲಮ್ಮ," ಎಂದಳು. ಅವಳ ಮುಖ ನೋಡಿದ ಮೇಲೆ ಲಕ್ಷ್ಮೀದೇವಮ್ಮನ ಬಾಯಿಂದ ನಿಜ ಬರಲಿಲ್ಲ. ನಮ್ಮನ್ನು ಕೇಳದೆ ಹಾಕಿಬಿಟ್ಟಿದ್ದಾರೆ, ಎಲ್ಲ ಕಳ್ಳರು ಎಂದುಬಿಟ್ಟಳು. ಏಳು ವರ್ಷದಲ್ಲಿ ಮಗಳಿಗೆ ಅವಳು ಹೇಳಿದ ದೊಡ್ಡ ಸುಳ್ಳು ಅದೊಂದೇ. ಹೇಳಿದ್ದೂ ಹೆದರಿ.

ಜನ ಗೇಲಿ ಮಾಡಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದರು. ಆದರೆ ಯಾರೂ ಗೇಲಿ ಮಾಡಲಿಲ್ಲ, ಎಲ್ಲರೂ ಕೈಮುಗಿದರು. ದೊರೆಯ ಅಭಿಮಾನಿಗಳಿಗೆ ಅವಳು ಒಂದೇ ದಿನದಲ್ಲಿ ತಾಯಿಯಾಗಿಬಿಟ್ಟಳು. ಮೆಜೆಸ್ಟಿಕ್ಕಿನ ಒಂದು ಥಿಯೇಟರಿನ ಮುಂದೆ ಅವಳ ನಲವತ್ತು ಅಡಿ ಕಟೌಟು ನಿಲ್ಲಿಸಿ, ನರೆತ ತಲೆಯ ಮೇಲೆ ಹಾಲು ಸುರಿದರು. ಅವಳ ಇನ್‌ಸ್ಟಾಗ್ರಾಮಿಗೆ ಹೋಗಿ ಹಿಂದಿನ ವರ್ಷ ಗೋವಾದಲ್ಲಿ ತೆಗೆಸಿದ ಫೋಟೊಗಳ ಕೆಳಗೆ, ದಯವಿಟ್ಟು ಇದನ್ನು ತೆಗೆಯಿರಿ ಅಮ್ಮಾ, ನಮಗೆ ನೋವಾಗುತ್ತದೆ ಎಂದು ಸಾವಿರಾರು ಜನ ಬರೆದರು. ಬಯ್ದವರಿಗೆ ತಿರುಗಿ ಬಯ್ಯಬಹುದು, ಕೈಮುಗಿದವರಿಗೆ ಏನೆಂದು ಹೇಳುವುದು? ಅವಳು ಫೋಟೊಗಳನ್ನು ತೆಗೆದಳು.

ಹತ್ತನೇ ದಿನ ಮನೋಹರ್ ಮಲ್ಲೇಶ್ವರದ ಮನೆಗೆ ಕರೆಸಿದರು. ಮರ್ಯಾದಸ್ಥರು, ಕಾಫಿ ಕೊಟ್ಟು, ಮಾಯಣ್ಣನ ಆರೋಗ್ಯ ವಿಚಾರಿಸಿ, ಆಮೇಲೆ ಮಾತಿಗೆ ಬಂದರು.

"ನೀವೇ ಯೋಚನೆ ಮಾಡಿ ಅಕ್ಕಾವ್ರೇ. ನಮ್ಮ ಲಿಖಿತ್ ಮಳೇಲಿ ಇವರ ಸೊಂಟ ಹಿಡ್ಕೊಂಡು ಕುಣಿದ್ರೆ ದೊರೆ ಫ್ಯಾನ್ಸು ಸುಮ್ನಿರ್ತಾರಾ? ನಮ್ಮ ದೊರೆ ತಾಯೀನ ಮುಟ್ಟಿದ ಅಂತ ಮೊದಲನೇ ಶೋಗೇ ಪರದೆ ಹರೀತಾರೆ. ಅವನಿಗೆ ಇದು ಮೊದಲನೇ ಪಿಕ್ಚರ್ರು."

ಮುಂಗಡ ವಾಪಸು ಕೊಡುವುದು ಬೇಡ ಎಂದರು. ಲಕ್ಷ್ಮೀದೇವಮ್ಮ ಅಷ್ಟಕ್ಕೇ ಉಸಿರು ಬಿಟ್ಟಳು. ಆಮೇಲೆ ಮನೋಹರ್ ಯಶಶ್ರೀ ಕಡೆ ತಿರುಗಿದರು.

"ಲಿಖಿತ್ ತಾಯಿ ಪಾತ್ರ ಒಂದಿದೆಯಮ್ಮ. ಕಾಮಿಡಿ ಇದೆ, ಸೆಂಟಿಮೆಂಟ್ ಇದೆ. ಅದಕ್ಕೆ ಹೊಂದಿಸ್ಕೊಳ್ಳೋಣ."

ಲಿಖಿತನಿಗೆ ಇಪ್ಪತ್ತೈದು. ಎದುರಿನ ಸೋಫಾದಲ್ಲಿ ಮೊಬೈಲು ನೋಡುತ್ತಾ ಕೂತಿದ್ದ. ಎರಡು ತಿಂಗಳ ಹಿಂದೆ ಇದೇ ಸೋಫಾದಲ್ಲಿ ಅವಳ ಪಕ್ಕ ಕೂತು, ನಮ್ಮ ಜೋಡಿ ಹೇಗಿದೆ ಎಂದು ಫೋಟೊ ತೆಗೆದುಕೊಂಡು ಎಲ್ಲರಿಗೂ ಕಳಿಸಿದ್ದವನು. ಈಗ ತಲೆ ಎತ್ತಿ, "ಮಾಡಿ ಮೇಡಂ, ಚೆನ್ನಾಗಿರುತ್ತೆ," ಎಂದ. ಮೊದಲು ಯಶು ಎನ್ನುತ್ತಿದ್ದ.

ಅಲ್ಲಿಂದ ಯಶಶ್ರೀ ಕಾರನ್ನು ನೇರವಾಗಿ ಗಾಂಧಿನಗರಕ್ಕೆ ಬಿಡಿಸಿದಳು. ಬರೆದುಕೊಟ್ಟ ಮಾತು ಮುರಿದಿದ್ದಾರೆ, ಕೋರ್ಟಿಗೆ ಹಾಕುತ್ತೇನೆ, ಪೋಸ್ಟರು ವಾಪಸು ತೆಗೆಸುತ್ತೇನೆ ಎಂದಳು. ಈಗ ಹೋಗಿ ಏನು ಪ್ರಯೋಜನ, ಮನೆಗೆ ಹೋಗೋಣ, ನಾಳೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ ಎಂದು ಲಕ್ಷ್ಮೀದೇವಮ್ಮ ದಾರಿಯುದ್ದಕ್ಕೂ ಹೇಳಿದಳು. ಶೇಷಾದ್ರಿಪುರದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ತಲೆ ಸುತ್ತುತ್ತಿದೆ ಎಂದೂ ಹೇಳಿ ನೋಡಿದಳು. ಯಶಶ್ರೀ ನೀರಿನ ಬಾಟಲು ಕೊಟ್ಟಳು, ಕಾರು ತಿರುಗಿಸಲು ಬಿಡಲಿಲ್ಲ.

ಆಫೀಸಿನಲ್ಲಿ ಶೀನಣ್ಣ ಯಶಶ್ರೀಯ ಮಾತನ್ನೆಲ್ಲ ಕೇಳಿಸಿಕೊಂಡ. ನಡುವೆ ಒಮ್ಮೆ ಲಕ್ಷ್ಮೀದೇವಮ್ಮನ ಮುಖ ನೋಡಿದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವನು ಎದ್ದು ಬೀರು ತೆಗೆದು, ಅಗ್ರಿಮೆಂಟಿನ ಏಳನೇ ಕಲಮಿರುವ ಹಾಳೆಯನ್ನು ಮೇಜಿನ ಮೇಲಿಟ್ಟ.

ಎಳೆದ ಗೆರೆ, ಪಕ್ಕದಲ್ಲಿ ದುಂಡು ಅಕ್ಷರ, ಕೆಳಗೆ ತನ್ನದೇ ಸಹಿ. ಯಶಶ್ರೀಗೆ ಓದಿ ಮುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ನೀವು ಹೇಳ್ಲಿಲ್ವಾ ಇವರಿಗೆ?" ಎಂದು ಶೀನಣ್ಣನನ್ನು ಕೇಳಿದಳು.

"ಎರಡು ಸಲ ಹೇಳ್ದೆ ಕಣಮ್ಮ."

"ನಿನ್ನ ಮುಖ ಬಚ್ಚಿಡ್ತಾರೆ ಅನ್ಕೊಂಡೆ," ಅಂದಳು ಲಕ್ಷ್ಮೀದೇವಮ್ಮ. "ತಮಿಳ್ನೋರು ಮಾಡ್ಲಿಲ್ವಾ? ನಿನಗೋಸ್ಕರ ತಾನೇ ಕಣೇ ಕೇಳಿದ್ದು."

ಯಶಶ್ರೀ ಶೀನಣ್ಣನಿಗೆ ನಮಸ್ಕಾರ ಹೇಳಿ ಎದ್ದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಯಶಶ್ರೀ ಅಂಗೈ ಚಾಚಿ ನಿಂತಳು.

"ಫೋನ್ ಕೊಡು."

"ಯಾರಿಗೆ ಮಾಡ್ಬೇಕು ಹೇಳು, ನಾನು ಮಾಡ್ತೀನಿ."

"ಇನ್ಮೇಲೆ ನೀನು ಯಾರಿಗೂ ಮಾಡೋದು ಬೇಡ. ಏಳು ವರ್ಷ ನನ್ನ ಮುಖ ನಿನ್ನ ಅಂಗಡಿ ಸರಕು ಆಗಿತ್ತು. ಖಾಲಿ ಮಾಡಿದ್ಯಲ್ಲ, ಈಗ ಬಾಗ್ಲು ಹಾಕು."

ಮಾಯಣ್ಣ ಅಂಗಡಿಯಿಂದ ಬಂದು ಜಗುಲಿಯಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಲಕ್ಷ್ಮೀದೇವಮ್ಮ ಫೋನು ಕೊಟ್ಟಳು. ಯಶಶ್ರೀ ಅವಳ ಎದುರಿಗೇ ಮನೋಹರ್‌ಗೆ ಮಾಡಿ, ತಾಯಿಯ ಪಾತ್ರ ಮಾಡುತ್ತೇನೆ ಎಂದಳು. ಹೀರೋಯಿನ್ನಿಗೆ ಎಷ್ಟು ಮಾತಾಗಿತ್ತೋ ಅಷ್ಟೇ ಬೇಕು, ಒಂದು ರೂಪಾಯಿ ಕಡಿಮೆಯಿಲ್ಲ ಎಂದಳು. ಅತ್ತ ಕಡೆಯವರು ಏನೋ ಹೇಳಿದರು. ಹಾಗಾದರೆ ಬಿಡಿ ಎಂದು ಇಟ್ಟುಬಿಟ್ಟಳು. ಐದು ನಿಮಿಷದಲ್ಲಿ ಮನೋಹರ್ ತಾವೇ ಮಾಡಿ ಒಪ್ಪಿಕೊಂಡರು. ಮಗಳು ಇಷ್ಟು ಚೆನ್ನಾಗಿ ವ್ಯವಹಾರ ಮಾಡುತ್ತಾಳೆ ಎಂದು ಲಕ್ಷ್ಮೀದೇವಮ್ಮನಿಗೆ ಅವತ್ತೇ ಗೊತ್ತಾದದ್ದು. ಹೆಮ್ಮೆಯಾಯಿತು. ಅದನ್ನು ಹೇಳುವ ಹಾಗಿರಲಿಲ್ಲ.

ಶ್ರಾವಣದಲ್ಲಿ ಶೂಟಿಂಗು ಶುರುವಾಯಿತು. ಅನಿಲ್ ಕುಮಾರ್ ಎಂಬುವವನು ಯಶಶ್ರೀಗೆ ಮ್ಯಾನೇಜರ್ ಆಗಿ ಬಂದ. ಮೊದಲನೇ ವಾರ ಲಕ್ಷ್ಮೀದೇವಮ್ಮ ಅಭ್ಯಾಸದಂತೆ ಸೆಟ್ಟಿಗೆ ಹೋದಳು. ಅನಿಲ್ ಕುಮಾರ್ ಬಾಗಿಲಲ್ಲೇ ತಡೆದು, ಮೇಡಂ ಯಾರನ್ನೂ ಬಿಡಬೇಡಿ ಎಂದಿದ್ದಾರೆ, ತಪ್ಪು ತಿಳಿಯಬೇಡಿ ಎಂದು ಬಹಳ ಮರ್ಯಾದೆಯಿಂದ ಆಟೋ ಹತ್ತಿಸಿದ. ಆಮೇಲೆ ಅವಳು ಹೋಗಲಿಲ್ಲ.

ಸಂಕ್ರಾಂತಿಗೆ ಲಿಖಿತನ ಸಿನಿಮಾ ಬಂತು. ಗಂಡ ಹೆಂಡತಿ ಟಿಕೆಟ್ಟು ಕೊಂಡುಕೊಂಡು ಹೋದರು. ಮಗನ ಮದುವೆಗೆ ಹೆಣ್ಣಿನವರ ಜೊತೆ ಚೌಕಾಸಿ ಮಾಡುವ ತಾಯಿಯ ಪಾತ್ರ ಅದು. ಯಶಶ್ರೀ ತೆರೆಯ ಮೇಲೆ ಬಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರಿನವರು ಒಂದು ಬೆಲೆ ಹೇಳಿದಾಗ ಅರ್ಧ ಕಣ್ಣು ಮುಚ್ಚಿ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಟಕ್ ಎಂದಳು. ಮಾಯಣ್ಣ ತಕ್ಷಣ ಹೆಂಡತಿಯ ಕಡೆ ನೋಡಿದ. ನಡಿಗೆ, ಕೆಮ್ಮು, ಹಣ ಎಣಿಸುವಾಗ ತುಟಿ ಆಡಿಸುವುದು, ಯಾರನ್ನೂ ನಂಬದ ಆ ನೋಟ, ಎಲ್ಲ ಲಕ್ಷ್ಮೀದೇವಮ್ಮನದೇ. ಏನೂ ಹೆಚ್ಚು ಮಾಡಿರಲಿಲ್ಲ, ಇದ್ದ ಹಾಗೇ ಮಾಡಿದ್ದಳು. ಥಿಯೇಟರು ಪೂರ್ತಿ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಲಕ್ಷ್ಮೀದೇವಮ್ಮನ ಮೊಣಕೈ ತಟ್ಟಿ, ಇಂಥವರು ನಿಜವಾಗಲೂ ಇರುತ್ತಾರೆ ಅಲ್ಲವಾ ಎಂದು ಕೇಳಿದಳು. ಇರುತ್ತಾರೆ ಎಂದಳು ಲಕ್ಷ್ಮೀದೇವಮ್ಮ.

ಮಾರನೇ ದಿನ ಬೆಳಿಗ್ಗೆ ಕಾಫಿ ಕೊಡುವಾಗ ಮಗಳನ್ನು ಕೇಳಿದಳು. "ನಾನು ಹಂಗಿದೀನಾ?"

"ಜನಕ್ಕೆ ಇಷ್ಟ ಆಗಿದೆಯಮ್ಮ," ಅಂದಳು ಯಶಶ್ರೀ, ಪತ್ರಿಕೆಯಿಂದ ಕಣ್ಣೆತ್ತದೆ. "ಇನ್ನೂ ಮೂರು ಜನ ಇದೇ ಥರ ಬೇಕು ಅಂದಿದಾರೆ."

ಮೂರು ಅಲ್ಲ, ಎರಡು ವರ್ಷದಲ್ಲಿ ಹದಿನಾಲ್ಕು ಬಂದವು. ಮೂರು ಭಾಷೆಯಲ್ಲಿ ಅವಳು ಈಗ ನಿರ್ಮಾಪಕರು ಕೇಳಿದಷ್ಟು ಕೊಟ್ಟು ಕರೆಯುವ ತಾಯಿ. ಬಸವನಗುಡಿಯಲ್ಲಿ ಒಂದು ಮನೆ ಕೊಂಡು ಒಬ್ಬಳೇ ಇದ್ದಾಳೆ. ಅಪ್ಪ ಅಮ್ಮನ ಔಷಧಿಗೆ, ಮನೆ ಖರ್ಚಿಗೆ ಅನಿಲ್ ಕುಮಾರ್ ತಿಂಗಳ ಒಂದನೇ ತಾರೀಕು ತಪ್ಪದೆ ಕಳಿಸುತ್ತಾನೆ. ಹಬ್ಬಕ್ಕೆ ಸೀರೆಯೂ ಅವನ ಕೈಯಲ್ಲೇ ಬರುತ್ತದೆ. ಯಶಶ್ರೀ ಮತ್ತೆ ಹೀರೋಯಿನ್ ಆಗಲಿಲ್ಲ. ಲಕ್ಷ್ಮೀದೇವಮ್ಮನಿಗೆ ಮಗಳು ಸಿಗುವುದು ಥಿಯೇಟರಿನಲ್ಲಿ, ಟಿಕೆಟ್ಟು ಕೊಂಡರೆ.